ಚಳಿಗಾಲಕ್ಕೆ ಎಟಿ ಟೈರ್ ಹಾಕಿಸ್ಬೇಕಾ? ಓದುಗರ ಗಾಡಿ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಟೈರ್ ಬಗ್ಗೇನೇ. ಇಬ್ಬನಿ ಬೀಳೋಕೆ ಶುರುವಾಯ್ತು ಅಂದ್ರೆ ಟೈರ್ ಅಂಗಡಿಯವರು ಬಂದೋರಿಗೆಲ್ಲಾ ಟಾರು, ಕೆಸರು ಎರಡಕ್ಕೂ ಆಗೋ ಆಲ್ ಟೆರೇನ್, ಅಂದ್ರೆ ಎಟಿ ಟೈರ್ ತೋರಿಸೋಕೆ ಶುರು ಮಾಡ್ತಾರೋ ಏನೋ ಗೊತ್ತಿಲ್ಲ. ಒಂದೇ ಥರ ಇದ್ದ ಪ್ರಶ್ನೆಗಳನ್ನ ಸೇರ್ಸಿ ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದೀವಿ.

ಪ್ರಶ್ನೆ: ನಂದು ಪಿಕಪ್ ಗಾಡಿ. ಟೊಮೆಟೊ ಲೋಡ್ ಮಾಡ್ಕೊಂಡು ಬೆಳಗಿನ ಜಾವ ಕೋಲಾರ ಎಪಿಎಂಸಿಗೆ ಹೊಡೀತೀನಿ. ಹಿಂದಿನ ಎರಡು ಟೈರ್ ಸವೆದು ಹೋಗಿದೆ. ಅಂಗಡಿಯವರು ದಪ್ಪ ಬಟನ್ ಇರೋ ಎಟಿ ಟೈರ್ ತೋರ್ಸಿ, ಚಳಿಗಾಲದಲ್ಲಿ ರೋಡ್ ಜಾರುತ್ತೆ, ಇದಾದ್ರೆ ಕಚ್ಕೊಂಡು ಹೋಗುತ್ತೆ ಅಂತಾರೆ. ಹಾಕಿಸ್ಲಾ?
– ಪಿಕಪ್ ಮಾಲೀಕರು, ಶ್ರೀನಿವಾಸಪುರ

ಉತ್ತರ: ಅಣ್ಣಾ, ಹೊರದೇಶದಲ್ಲಿ ಚಳಿಗಾಲಕ್ಕೆ ಅಂತ ಬೇರೆ ಟೈರ್ ಮಾಡೋದು 7 ಡಿಗ್ರಿಗಿಂತ ಕೆಳಗಿನ ಚಳಿಗೆ. ಅಷ್ಟು ಚಳಿಯಲ್ಲಿ ಮಾಮೂಲಿ ಟೈರಿನ ರಬ್ಬರ್ ಹಳೇ ಹವಾಯಿ ಚಪ್ಪಲಿ ಥರ ಗಡುಸಾಗಿ ನೆಲ ಹಿಡಿಯೋದು ಕಮ್ಮಿಯಾಗುತ್ತೆ. ನಮ್ಮ ಕೋಲಾರದ ಕಡೆ ಡಿಸೆಂಬರ್, ಜನವರಿ ಬೆಳಗಿನ ಜಾವ ಎಷ್ಟೇ ಕೊರೆದ್ರೂ ಸಾಮಾನ್ಯವಾಗಿ 13ರಿಂದ 16 ಡಿಗ್ರಿ ಇರುತ್ತೆ, ಎಲ್ಲೋ ಒಂದೊಂದು ದಿನ 10ರ ಹತ್ರ ಬರುತ್ತೆ ಅಷ್ಟೇ. ನಮಗೆ ಸ್ವೆಟರ್ ಬೇಕು, ಟೈರಿಗೆ ಏನೂ ಬೇಡ. ಚಳಿ ನೆಪ ಹೇಳ್ಕೊಂಡು ಎಟಿ ಹಾಕಿಸೋದು ದುಡ್ಡು ದಂಡ.

ನೀವು ಬಟನ್ ನೋಡೋದು ಬಿಟ್ಟು ಟೈರಿನ ಪಕ್ಕೆ ಮೇಲೆ ಅಚ್ಚು ಹಾಕಿರೋ ನಂಬರ್ ನೋಡಿ. ಸೈಜ್ ಆದ್ಮೇಲೆ ಒಂದು ನಂಬರು, ಒಂದು ಅಕ್ಷರ ಇರುತ್ತೆ, 100ಎಸ್, 112ಆರ್ ಅಂತೆಲ್ಲಾ. ಆ ನಂಬರೇ ಲೋಡ್ ಇಂಡೆಕ್ಸ್. 100 ಅಂದ್ರೆ ಒಂದು ಟೈರು 800 ಕೆಜಿ ಹೊರುತ್ತೆ, 112 ಅಂದ್ರೆ 1,120 ಕೆಜಿ. ಎಸ್‌ಯುವಿಗೆ ಅಂತ ಮಾಡಿರೋ ಎಟಿ ಟೈರ್‌ಗಳಲ್ಲಿ ಸುಮಾರು 100ರ ಆಸುಪಾಸೇ ಇರುತ್ತೆ, ಗೂಡ್ಸ್ ಗಾಡಿಗೆ ಮಾಡಿರೋದ್ರಲ್ಲಿ 110ರ ಮೇಲೆ ಇರುತ್ತೆ, ಸೈಜ್ ಜೊತೆ ಸಿ (ಕಮರ್ಷಿಯಲ್) ಅಂತಲೋ ಎಲ್‌ಟಿ (ಲೈಟ್ ಟ್ರಕ್) ಅಂತಲೋ ಬರೆದಿರ್ತಾರೆ. ಈಗ ನೀವೇ ಲೆಕ್ಕ ಹಾಕಿ, 15 ಕೆಜಿ ಬಾಕ್ಸ್ ನೂರು ಏರಿಸಿದ್ರೆ ಹಣ್ಣೇ ಒಂದೂವರೆ ಟನ್ ಆಯ್ತು, ಕ್ರೇಟ್ ತೂಕ ಬೇರೆ, ಬಾಡಿ ತೂಕ ಬೇರೆ, ಅದ್ರಲ್ಲಿ ಮುಕ್ಕಾಲು ಪಾಲು ಹಿಂದಿನ ಎರಡೇ ಟೈರ್ ಮೇಲೆ ಕೂತಿರುತ್ತೆ. 800 ಕೆಜಿ ಹೊರೋ ಎರಡು ಟೈರ್ ಹಾಕಿಸಿದ್ರೆ ನೋಡೋಕೆ ಭರ್ಜರಿಯಾಗಿರುತ್ತೆ, ಆದ್ರೆ ಮುಳಬಾಗಿಲು ಹೈವೇಲಿ ಸ್ಪೀಡಾಗಿ ಹೋಗೋವಾಗ ಒಳಗೊಳಗೇ ಕಾದು ಯಾವತ್ತೋ ಒಂದಿನ ಸಿಡಿಯುತ್ತೆ. ದಪ್ಪ ಬಟನ್ ಇದ್ದಷ್ಟೂ ಲೋಡಲ್ಲಿ ಅದು ಜಾಸ್ತಿ ಅಲ್ಲಾಡುತ್ತೆ, ಅಲ್ಲಾಡಿದಷ್ಟೂ ಬಿಸಿ. ಹೈವೇ ಓಡಾಟಕ್ಕೆ ಉದ್ದುದ್ದ ಗೆರೆ ಇರೋ ರಿಬ್ ಪ್ಯಾಟರ್ನ್ ಟೈರೇ ತಣ್ಣಗಿರೋದು, ಮೈಲೇಜೂ ಅದ್ರಲ್ಲೇ ಚೆನ್ನಾಗಿ ಬರೋದು. ಗಾಡಿ ಜೊತೆ ಕಂಪನಿಯವರು ಕೊಟ್ಟ ಸೈಜು, ಅದೇ ಲೋಡ್ ಇಂಡೆಕ್ಸ್ ಅಥವಾ ಅದಕ್ಕಿಂತ ಜಾಸ್ತಿ, ಇಷ್ಟು ಕೇಳಿ ತಗೊಳ್ಳಿ. ತೋಟದೊಳಕ್ಕೆ ಹೋಗಿ ಕೆಸರಲ್ಲಿ ಲೋಡ್ ಮಾಡ್ಕೊಂಡು ಬರೋ ಕೆಲಸ ದಿನಾ ಇದೆ ಅನ್ನೋದಾದ್ರೆ ಹಿಂದಕ್ಕೆ ಮಾತ್ರ ಎಲ್‌ಟಿ ಟೈರಲ್ಲೇ ಸ್ವಲ್ಪ ಲಗ್ ಪ್ಯಾಟರ್ನ್, ಅಂದ್ರೆ ಅಡ್ಡಡ್ಡ ದಪ್ಪ ಬಟನ್ ಇರೋದು ಬರುತ್ತೆ, ಅದನ್ನ ಕೇಳಿ.

ರೋಡ್ ಜಾರೋ ಮಾತು ಬಂತಲ್ಲ, ಚಳಿಗಾಲದಲ್ಲಿ ನಮ್ಮ ಕಡೆ ಜಾರಿಸೋದು ಎರಡೇ. ಒಂದು ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆ ನೀರು, ಅದಕ್ಕೆ ಟೈರಲ್ಲಿ ಗೆರೆ ಆಳ ಇರ್ಬೇಕು. ಕಾನೂನು ಪ್ರಕಾರ 1.6 ಮಿ.ಮೀ. ಇದ್ರೆ ಸಾಕು, ಟೈರ್ ಅಂಚಲ್ಲಿ ಟಿಡಬ್ಲ್ಯುಐ ಅಂತ ಗುರುತು ಇರೋ ಕಡೆ ಗೆರೆಯೊಳಗೆ ಸಣ್ಣ ಉಬ್ಬು ಕಾಣುತ್ತೆ, ಸವೆದು ಅದಕ್ಕೆ ಸಮ ಆಯ್ತು ಅಂದ್ರೆ ಟೈರ್ ಮುಗೀತು. ಆದ್ರೆ ಮಳೆಗೆ 3 ಮಿ.ಮೀ.ಗಿಂತ ಕಮ್ಮಿ ಆದಾಗ್ಲೇ ಬದಲಾಯಿಸೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಎರಡನೇದು ರಸ್ತೆ ಮೇಲೆ ಒಕ್ಕಣೆ. ರಾಗಿ ತೆನೆ, ಹುರುಳಿ ಸೊಪ್ಪು, ಅವರೆ, ಎಲ್ಲಾ ಟಾರ್ ರೋಡಿಗೆ ಹಾಸಿ ಗಾಡಿಗಳ ಕೈಲೇ ತುಳಿಸ್ತಾರಲ್ಲ, ಅದ್ರ ಮೇಲೆ ಬ್ರೇಕ್ ಒತ್ತಿದ್ರೆ ಲಕ್ಷ ರೂಪಾಯಿ ಟೈರಾದ್ರೂ ನಿಲ್ಲಲ್ಲ, ಯಾಕಂದ್ರೆ ಟೈರು ಟಾರನ್ನ ಮುಟ್ಟೋದೇ ಇಲ್ಲ, ಕಾಳಿನ ಮೇಲೆ ಉರುಳ್ತಾ ಇರುತ್ತೆ. ಹತ್ತೋಕೆ ಮುಂಚೇನೇ ಸ್ಪೀಡ್ ಇಳಿಸಿ, ಹತ್ತಿದ್ಮೇಲೆ ಬ್ರೇಕೂ ಬೇಡ, ಸ್ಟೇರಿಂಗ್ ಜಗ್ಗೋದೂ ಬೇಡ. ದಾಟಿದ್ಮೇಲೆ ಒಂದು ಕಡೆ ನಿಲ್ಲಿಸಿ ಬಗ್ಗಿ ನೋಡಿ. ಹುರುಳಿ ಬಳ್ಳಿ ಗಾಡಿ ಅಡಿಯಲ್ಲಿ ತಿರುಗೋ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ಕೊಂಡು ಸೈಲೆನ್ಸರ್‌ಗೆ ತಾಗ್ತಾ ಇರುತ್ತೆ, ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆ ಫಿಲ್ಟರ್ (ಡಿಪಿಎಫ್) ತನ್ನಲ್ಲಿ ಕೂತ ಮಸಿ ಸುಡೋ ಟೈಮಲ್ಲಿ ಅಲ್ಲಿ ಭಾರೀ ಶಾಖ, ಒಣಗಿದ ಸೊಪ್ಪಿಗೆ ಅಷ್ಟು ಸಾಕು. ಎಟಿ ಟೈರಿನ ದೊಡ್ಡ ಸಂದುಗಳಲ್ಲಿ ಈ ಹುಲ್ಲು, ಜಲ್ಲಿ ಕಲ್ಲು ಇನ್ನೂ ಜಾಸ್ತಿ ಸಿಕ್ಕಾಕೊಳ್ಳುತ್ತೆ, ಅದೂ ಒಂದು ತಲೆನೋವು.

ಪ್ರಶ್ನೆ: ಬೆಳಗ್ಗೆ ಗಾಳಿ ಚೆಕ್ ಮಾಡಿದ್ರೆ 32 ಇರುತ್ತೆ, ಮಧ್ಯಾಹ್ನ ಬೆಂಗಳೂರಿಂದ ವಾಪಸ್ ಬಂದು ನೋಡಿದ್ರೆ 37 ತೋರಿಸುತ್ತೆ. ಪಂಕ್ಚರ್ ಅಂಗಡಿಯವನು ಪ್ರತಿ ಸಲ ಇಳಿಸ್ತಾನೆ. ಸರೀನಾ?
– ಪಾವಗಡದ ಓದುಗರು

ಉತ್ತರ: ಇಳಿಸಬಾರದು. ಗಾಡಿ ಬಾಗಿಲ ಹತ್ರ ಸ್ಟಿಕ್ಕರಲ್ಲಿ ಬರೆದಿರೋ ಗಾಳಿ ಲೆಕ್ಕ ತಣ್ಣಗಿರೋ ಟೈರಿಂದು. ಸುಮಾರು 5-6 ಡಿಗ್ರಿ ಬಿಸಿ ಏರಿದ್ರೆ ಒಂದು ಪಿಎಸ್‌ಐ ಏರುತ್ತೆ, ಪಾವಗಡದಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಇರೋ ವ್ಯತ್ಯಾಸ, ಜೊತೆಗೆ ಓಡಿದ ಬಿಸಿ ಸೇರಿದ್ರೆ 4-5 ಏರೋದು ಮಾಮೂಲಿ. ಬಿಸಿಯಲ್ಲಿ ಇಳಿಸಿದ್ರೆ ಮಾರನೇ ದಿನ ಬೆಳಗ್ಗೆ 27ಕ್ಕೆ ಬಂದು ಕೂತಿರುತ್ತೆ, ಅಂಚು ಸವೆಯುತ್ತೆ, ಡೀಸೆಲ್ ಕುಡಿಯುತ್ತೆ. ಹದಿನೈದು ದಿನಕ್ಕೊಂದು ಸಲ, ಬೆಳಗ್ಗೆ ಗಾಡಿ ಹೊರಡೋ ಮುಂಚೆ ನೋಡಿ, ಸ್ಟೆಪ್ನಿದೂ ಸೇರ್ಸಿ.

ಪ್ರಶ್ನೆ: ನಂದು ಇಸುಜು ವಿ-ಕ್ರಾಸ್ 4x4 ಪಿಕಪ್, ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗೋದು. ಜನವರಿಯಲ್ಲಿ ಫ್ರೆಂಡ್ಸ್ ಜೊತೆ ಮನಾಲಿ, ಅಟಲ್ ಟನಲ್ ದಾಟಿ ಸಿಸ್ಸು ತನಕ ರೋಡ್ ಟ್ರಿಪ್ ಪ್ಲ್ಯಾನ್ ಇದೆ. ಎಟಿ ಟೈರ್ ಹಾಕಿಸ್ಬೇಕು ಅಂತಿದೀನಿ, ಅದ್ರ ಮೇಲೆ ಎಂ+ಎಸ್ ಅಂತ ಬರೆದಿರೋದ್ರಿಂದ ಹಿಮಕ್ಕೂ ನಡೆಯುತ್ತೆ ಅಂತ ಅಂಗಡಿಯವರು ಹೇಳಿದ್ರು.
– ಚಿಕ್ಕಬಳ್ಳಾಪುರದ ಓದುಗರು

ಉತ್ತರ: ನಿಮಗೆ ಎಟಿ ಹಾಕ್ಸಿ ಅಂತ ನಾನೇ ಹೇಳ್ತೀನಿ, ಆದ್ರೆ ಎಂ+ಎಸ್ ನಂಬ್ಕೊಂಡು ಅಲ್ಲ. ಎಂ+ಎಸ್ ಅಂದ್ರೆ ಕೆಸರು, ಹಿಮಕ್ಕೆ ಆಗೋ ಥರ ಬಟನ್ ಮಧ್ಯ ಜಾಗ ಬಿಟ್ಟಿದೀವಿ ಅಂತ ಕಂಪನಿಯವರೇ ಹಾಕ್ಕೊಳ್ಳೋ ಗುರುತು, ಅದಕ್ಕೆ ಹಿಮದ ಮೇಲೆ ಓಡಿಸಿ ಪಾಸಾಗ್ಲೇಬೇಕು ಅನ್ನೋದೇನಿಲ್ಲ. ಪರೀಕ್ಷೆ ಇರೋದು ಇನ್ನೊಂದು ಗುರುತಿಗೆ, ಮೂರು ಶಿಖರದ ಬೆಟ್ಟದ ಚಿತ್ರ, ಅದ್ರೊಳಗೆ ಹಿಮದ ಹರಳು. ಅಮೆರಿಕ, ಕೆನಡಾದಲ್ಲಿ 1999ರಲ್ಲಿ ಬಂದಿದ್ದು ಇದು. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಸ್ಟ್ಯಾಂಡರ್ಡ್ ಟೈರ್ ಒಂದರ ಜೊತೆ ಹೋಲಿಸಿ ಎಷ್ಟು ಎಳೆಯುತ್ತೆ ಅಂತ ಅಳೆದು, ಪಾಸಾದ್ರೆ ಮಾತ್ರ ಈ ಗುರುತು. ಎಟಿ ಟೈರಲ್ಲೂ ಇದು ಇರೋವು ಸಿಗುತ್ತೆ, ಯೋಕೋಹಾಮಾ ಜಿಯೋಲ್ಯಾಂಡರ್ ಎ/ಟಿ ಜಿ015, ಬಿಎಫ್‌ಗುಡ್ರಿಚ್ ಕೆಒ2 ಈ ಥರದ್ದು. ಆದ್ರೆ ಒಂದೇ ಮಾಡೆಲ್ಲಲ್ಲಿ ಸೈಜ್ ಮೇಲೆ ವ್ಯತ್ಯಾಸ ಇರಬಹುದು, ಆದ್ರಿಂದ ಕ್ಯಾಟಲಾಗ್ ನೋಡಿ ದುಡ್ಡು ಕೊಡಬೇಡಿ, ಟೈರ್ ಹೊರಗೆ ತರಿಸಿ ಪಕ್ಕೆ ಮೇಲೆ ಕೈಯಾಡಿಸಿ ಬೆಟ್ಟದ ಚಿತ್ರ ಇದೆಯಾ ನೋಡಿ. 2020ರ ಜೂನಲ್ಲಿ ಸರ್ಕಾರ ಟೈರ್ ಇಂಪೋರ್ಟ್‌ಗೆ ಕಡಿವಾಣ ಹಾಕಿದ್ಮೇಲೆ ಕೆಲವು ಸೈಜ್ ಸಿಗೋದೇ ಕಷ್ಟ ಆಗಿದೆ, ಸಿಗಲಿಲ್ಲ ಅಂದ್ರೆ ಇಲ್ಲೇ ತಯಾರಾಗೋ ಒಳ್ಳೆ ಎಟಿ ಸಾಕು, ಯಾಕೆ ಅಂತ ಹೇಳ್ತೀನಿ.

ನಿಮ್ಮ ಮನೆ ಹತ್ರ ಹೋಗೋ ಎನ್‌ಎಚ್-44 ಇದೆಯಲ್ಲ, ಅದೇ ರೋಡು ಹೈದರಾಬಾದ್, ನಾಗ್ಪುರ, ದಿಲ್ಲಿ ದಾಟಿ ಶ್ರೀನಗರದ ತನಕ ಹೋಗುತ್ತೆ. ಮನಾಲಿಗೆ ಎರಡೂವರೆ ಸಾವಿರ ಕಿಲೋಮೀಟರ್ ಮೇಲಾಗುತ್ತೆ, ಅದ್ರಲ್ಲಿ ಹಿಮ ಸಿಗೋದು ಕೊನೇ ಒಂದಿಷ್ಟು ದೂರ ಮಾತ್ರ. ಅದಕ್ಕೋಸ್ಕರ ಮೆತ್ತನೆ ರಬ್ಬರಿನ ಪಕ್ಕಾ ವಿಂಟರ್ ಟೈರ್ ಹಾಕಿಸಿದ್ರೆ ನಾಗ್ಪುರದ ಟಾರಲ್ಲೇ ಅದು ಅರೆದು ಹೋಗುತ್ತೆ. ಹಾಗಾಗಿ ಹೋಗಿ ಬರೋಕೆ ಎಟಿ, ಹಿಮಕ್ಕೆ ಟೈರ್ ಮೇಲೆ ಸುತ್ತೋ ಚೈನ್. ಹಿಮ ಬಿದ್ದ ದಿನ ಸೋಲಂಗ್ ನಾಲಾದಿಂದ ಮುಂದಕ್ಕೆ 4x4 ಗಾಡಿ, ಚೈನ್ ಹಾಕಿರೋ ಗಾಡಿ ಮಾತ್ರ ಪೊಲೀಸರು ಬಿಡೋದು ಅಲ್ಲಿ ಮಾಮೂಲಿ, ಜಾಸ್ತಿ ಬಿದ್ರೆ ಯಾರನ್ನೂ ಬಿಡಲ್ಲ.

ಒಂಬತ್ತು ಕಿಲೋಮೀಟರ್ ಟನಲ್ ಒಳಗೆ ರೋಡ್ ಒಣಗಿರುತ್ತೆ, ಆರಾಮಾಗಿ ಬಂದ್ಬಿಡ್ತೀರಾ, ಆಚೆ ಕಡೆ ಬಾಯಿಂದ ಹೊರಗೆ ಬಂದ ತಕ್ಷಣ ನೆರಳಲ್ಲಿರೋ ರೋಡ್ ಸುಮ್ನೆ ಒದ್ದೆ ಆಗಿರೋ ಥರ ಕಪ್ಪಗೆ ಕಾಣುತ್ತೆ, ಅದು ನೀರಲ್ಲ, ತೆಳ್ಳಗೆ ಗಾಜಿನ ಹಾಗೆ ಕಟ್ಟಿರೋ ಐಸು. ಬ್ಲ್ಯಾಕ್ ಐಸ್ ಅಂತಾರಲ್ಲ, ಅದೇ. ಅದ್ರ ಮೇಲೆ ಎಟಿನೂ ಇಲ್ಲ, 4x4ಊ ಇಲ್ಲ. 4x4 ಇದ್ರೆ ಗಾಡಿ ಎಳ್ಕೊಂಡು ಹೊರಡುತ್ತೆ, ನಿಲ್ಲಿಸೋ ಟೈಮಲ್ಲಿ ಎಲ್ಲಾ ಗಾಡಿಗೂ ನಾಲ್ಕೇ ಚಕ್ರ, ನಾಲ್ಕೇ ಬ್ರೇಕು. ಚಿಕ್ಕ ಗೇರಲ್ಲಿ, ಮುಂದಿನ ಗಾಡಿಗೆ ದೂರ ಬಿಟ್ಟು, ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಹೊರಟು ಸಾಯಂಕಾಲ ಬಿಸಿಲು ಇಳಿಯೋ ಮುಂಚೆ ವಾಪಸ್ ಬನ್ನಿ. ಚೈನ್ ನಿಮ್ಮ ಟೈರ್ ಸೈಜಿಗೇ ತಗೊಳ್ಳಿ, ಯಾವ ಚಕ್ರಕ್ಕೆ ಹಾಕ್ಬೇಕು ಅನ್ನೋದು ಗಾಡಿ ಮ್ಯಾನ್ಯುಯಲ್ಲಲ್ಲಿ ಇರುತ್ತೆ, ಹೊರಡೋ ಮುಂಚೆ ಮನೆ ಮುಂದೆ ಒಂದು ಸಲ ಹಾಕಿ ಬಿಚ್ಚಿ ಕಲೀರಿ. ಮೈನಸ್ ಡಿಗ್ರಿಯಲ್ಲಿ ಬೆರಳು ಮರಗಟ್ಟಿರೋವಾಗ ಕೊಕ್ಕೆ ಎಲ್ಲಿ ಸಿಕ್ಸೋದು ಅಂತ ಹುಡುಕ್ತಾ ಕೂತ್ರೆ ಹಿಂದೆ ಸಾಲು ಗಾಡಿ ನಿಂತ್ಕೊಳ್ಳುತ್ತೆ. ಚೈನ್ ಹಾಕಿದ್ಮೇಲೆ ಸ್ಪೀಡು 30-40, ಟಾರ್ ಕಂಡ ತಕ್ಷಣ ಬಿಚ್ಚಿ, ಇಲ್ಲಾಂದ್ರೆ ಚೈನೂ ಹೋಗುತ್ತೆ, ಟೈರೂ ಹೋಗುತ್ತೆ.

ಪ್ರಶ್ನೆ: ನನ್ನ ಮಗ ಕೆನಡಾದ ಕ್ಯಾಲ್ಗರಿಯಲ್ಲಿ ಕೆಲಸದಲ್ಲಿದಾನೆ. ಹೋದ ತಿಂಗಳು ಹಳೇ ಪಿಕಪ್ ಟ್ರಕ್ ತಗೊಂಡಿದಾನೆ. ಅದಕ್ಕೆ ಆಲ್ ಟೆರೇನ್ ಟೈರ್ ಇದೆ, ಬೇರೆ ಬೇಡ ಅಂತಾನೆ. ಜೊತೆಯವರು ವಿಂಟರ್ ಟೈರ್ ಹಾಕಿಸ್ಲೇಬೇಕು ಅಂತಾರಂತೆ. ಅಲ್ಲಿ ಹಿಮದಲ್ಲಿ ಅವನು ಗಾಡಿ ಓಡಿಸ್ತಾನೆ ಅಂದ್ರೆ ನನಗಿಲ್ಲಿ ನಿದ್ದೆ ಬರಲ್ಲ. ದಯವಿಟ್ಟು ಹೇಳಿ.
– ಒಬ್ಬ ತಾಯಿ, ಮಧುಗಿರಿ

ಉತ್ತರ: ಅಮ್ಮಾ, ಜೊತೆಯವರು ಹೇಳ್ತಿರೋದೇ ಸರಿ. ಈ ಪುಟದ ಫೋಟೋ ತೆಗೆದು ಅವನಿಗೆ ವಾಟ್ಸಾಪ್ ಮಾಡ್ಬಿಡಿ, ಮುಂದಿನದು ಅವನಿಗೇ ಬರೀತೀನಿ.

ನೋಡಪ್ಪಾ, ಕ್ಯಾಲ್ಗರಿ ಇರೋ ಆಲ್ಬರ್ಟಾದಲ್ಲಿ ವಿಂಟರ್ ಟೈರ್ ಕಡ್ಡಾಯ ಅಂತ ಕಾನೂನಿಲ್ಲ, ಅದಕ್ಕೇ ನೀನು ಬೇಡ ಅಂತಿರೋದು ಗೊತ್ತು. ಆದ್ರೆ ಬ್ಯಾನ್ಫ್ ದಾಟಿ ಬ್ರಿಟಿಷ್ ಕೊಲಂಬಿಯಾ ಒಳಗೆ ಕಾಲಿಟ್ಟೆ ಅಂದ್ರೆ ಅಕ್ಟೋಬರ್ 1ರಿಂದ ಬೆಟ್ಟದ ರೋಡ್‌ಗಳಲ್ಲಿ ಏಪ್ರಿಲ್ 30ರ ತನಕ ಎಂ+ಎಸ್ ಅಥವಾ ಬೆಟ್ಟ-ಹಿಮದ ಗುರುತಿನ ಟೈರ್ ಇರ್ಲೇಬೇಕು, ಗೆರೆ ಆಳ ಕನಿಷ್ಠ 3.5 ಮಿ.ಮೀ. ಕ್ವಿಬೆಕ್‌ನಲ್ಲಂತೂ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಪಕ್ಕಾ ವಿಂಟರ್ ಟೈರೇ ಕಡ್ಡಾಯ, ಬರೀ ಎಂ+ಎಸ್ ನಡೆಯಲ್ಲ. ಪೊಲೀಸ್ ಕೇಳ್ತಾನೋ ಬಿಡ್ತಾನೋ, ಐಸ್ ಕೇಳದೇ ಬಿಡಲ್ಲ. ನಿನ್ನ ಎಟಿ ಟೈರಿನ ದಪ್ಪ ಬಟನ್ ಇದೆಯಲ್ಲ, ಅದು ಹೊಸದಾಗಿ ಬಿದ್ದ ಆಳದ ಹಿಮವನ್ನ ಅಗೆದು ಮುಂದೆ ಹೋಗೋಕೆ ಚೆನ್ನಾಗಿದೆ, ಆದ್ರೆ ಊರೊಳಗೆ ಸಿಗ್ನಲ್ ಹತ್ರ ಸಾವಿರಾರು ಗಾಡಿ ನಿಂತು ನಿಂತು ಉಜ್ಜಿ ಪಾಲಿಶ್ ಮಾಡಿರೋ ಐಸ್ ಮೇಲೆ ಅಗೆಯೋಕೆ ಏನೂ ಇಲ್ಲ. ಅಲ್ಲಿ ಬೇಕಾಗಿರೋದು ಮೈನಸ್ 20ರಲ್ಲೂ ಮೆತ್ತಗಿರೋ ರಬ್ಬರು, ಅದ್ರ ಮೇಲೆ ಬ್ಲೇಡಲ್ಲಿ ಕೊಯ್ದ ಹಾಗೆ ಒತ್ತೊತ್ತಾಗಿ ಇರೋ ಸಣ್ಣ ಸೀಳುಗಳು. ಪಕ್ಕಾ ವಿಂಟರ್ ಟೈರಲ್ಲಿ ಇವು ನೂರಾರು ಇರುತ್ತೆ, ಎಟಿಯಲ್ಲಿ ಅಷ್ಟಿರಲ್ಲ. ಬೆಟ್ಟದ ಗುರುತಿನ ಪರೀಕ್ಷೆ ಕೂಡ ತುಳಿದ ಹಿಮದ ಮೇಲೆ ಎಳೆಯೋದನ್ನ ನೋಡುತ್ತೆ, ಐಸ್ ಮೇಲೆ ಬ್ರೇಕ್ ಹಿಡಿಯೋದನ್ನ ಅಲ್ಲ, ಇದನ್ನ ಅಂಗಡಿಯವರು ಹೇಳಲ್ಲ.

ಇನ್ನೊಂದು, ನೀನು ತಗೊಂಡಿರೋ ಟ್ರಕ್‌ಗೆ ಎಲ್‌ಟಿ, ಲೋಡ್ ರೇಂಜ್ ಇ ಅಂತ ಇರೋ ಟೈರ್ ಹಾಕಿದ್ರೆ ಅದು ಭಾರ ಹೊರೋಕೆ ಮಾಡಿರೋ ಗಡುಸು ಟೈರು. ನೀನು ಖಾಲಿ ಗಾಡಿಯಲ್ಲಿ ಆಫೀಸಿಗೆ ಹೋಗಿ ಬರೋನಾದ್ರೆ ಅದು ಯಾಕೆ? ಬಾಗಿಲ ಹತ್ರ ಸ್ಟಿಕ್ಕರಲ್ಲಿರೋ ಸೈಜು, ಲೋಡ್ ಇಂಡೆಕ್ಸ್ ನೋಡಿ ಅಷ್ಟಕ್ಕೆ ಸರಿಯಾದ ವಿಂಟರ್ ಟೈರ್ ನಾಲ್ಕೂ ಹಾಕ್ಸು. ಎರಡೇ ಹಾಕಿಸಿ ದುಡ್ಡು ಉಳಿಸೋಕೆ ಹೋಗ್ಬೇಡ, ಮುಂದೆ ಹಿಡ್ಕೊಂಡು ಹಿಂದೆ ಜಾರಿದ್ರೆ ಗಾಡಿ ಗಿರ್ರನೆ ತಿರುಗಿ ನಿಲ್ಲುತ್ತೆ, ಪಿಕಪ್‌ಗೆ ಮೊದಲೇ ಹಿಂದೆ ತೂಕ ಇರಲ್ಲ. ಅಲ್ಲಿನವರು ಹಿಂದಿನ ಆಕ್ಸಲ್ ಮೇಲೆ ಮರಳು ಮೂಟೆ ಇಟ್ಕೊಂಡು ಓಡಿಸ್ತಾರೆ, ಕೆಟ್ಟ ಐಡಿಯಾ ಅಲ್ಲ, ಮೂಟೆ ಜಾರದ ಹಾಗೆ ಕಟ್ಟಿದ್ರೆ ಆಯ್ತು. ನಾಲ್ಕು ಡಿಸ್ಕ್ (ಚಕ್ರದ ರಿಮ್) ಬೇರೇನೇ ತಗೊಂಡು ವಿಂಟರ್ ಟೈರ್ ಅದಕ್ಕೆ ಏರಿಸಿಟ್ರೆ ಅಕ್ಟೋಬರಲ್ಲಿ ಹಾಕಿ ಏಪ್ರಿಲಲ್ಲಿ ಬಿಚ್ಚೋದು ಸುಲಭ, ನಿನ್ನ ಎಟಿ ಬೇಸಿಗೆಗೆ ಉಳ್ಕೊಳ್ಳುತ್ತೆ. ಗಾಳಿ ವಿಷಯ ಮರೀಬೇಡ. 20 ಡಿಗ್ರಿ ಗ್ಯಾರೇಜ್ ಒಳಗೆ 35 ತುಂಬಿದ್ದು ಹೊರಗೆ ಮೈನಸ್ 20ಕ್ಕೆ ಬಂದ್ರೆ 28ರ ಹತ್ರ ಇಳಿದಿರುತ್ತೆ. ಅಮ್ಮನಿಗೆ ವಾರಕ್ಕೊಂದು ಫೋನ್ ಮಾಡೋ ದಿನಾನೇ ಗಾಳೀನೂ ಚೆಕ್ ಮಾಡ್ಕೋ.

ಪ್ರಶ್ನೆ: ಗುರುಗಳೇ, ನನ್ನ ಥಾರ್‌ಗೆ ಕಂಪನಿ ಟೈರ್ 255/65 ಆರ್18. ಅದನ್ನ ತೆಗೆದು 285/65 ಮಡ್ ಟೆರೇನ್ ಹಾಕಿಸ್ಬೇಕು ಅಂತ ಆಸೆ. ವೀಕೆಂಡ್ ಬೆಳಗ್ಗೆ ನಂದಿ ಬೆಟ್ಟ, ಸ್ಕಂದಗಿರಿ ಕಡೆ ಹೋಗ್ತೀವಿ. ಮಂಜಲ್ಲಿ ಗ್ರಿಪ್ ಹೆಂಗಿರುತ್ತೆ?
– ಗೌರಿಬಿದನೂರಿನ ಥಾರ್ ಹುಡುಗ

ಉತ್ತರ: ಫೋಟೋದಲ್ಲಿ ಸೂಪರಾಗಿರುತ್ತೆ ತಮ್ಮಾ. ನಂದಿ ಬೆಟ್ಟದ ರೋಡ್ ಪೂರ್ತಿ ಟಾರು, ತಿರುವಿನ ಮೇಲೆ ತಿರುವು, ಬೆಳಗ್ಗೆ ಮಂಜಿಗೆ ಒದ್ದೆಯಾಗಿರುತ್ತೆ. ಮಡ್ ಟೆರೇನ್‌ನಲ್ಲಿ ಬಟನ್ ಮಧ್ಯ ಖಾಲಿ ಜಾಗಾನೇ ಜಾಸ್ತಿ, ಟಾರನ್ನ ಮುಟ್ಟೋ ರಬ್ಬರ್ ಕಮ್ಮಿ, ಒದ್ದೆ ಟಾರಲ್ಲಿ ಬ್ರೇಕ್ ಹಾಕಿದ್ರೆ ನಿನ್ನ ಈಗಿನ ಟೈರಿಗಿಂತ ಮುಂದೆ ಹೋಗಿ ನಿಲ್ಲುತ್ತೆ. ಇನ್ನು ಸೈಜು, ಈಗಿನ ಚಕ್ರದ ಎತ್ತರ ಸುಮಾರು 789 ಮಿ.ಮೀ., ನೀನು ಹೇಳ್ತಿರೋದು 828, ಹತ್ತಿರ ಹತ್ತಿರ 5 ಪರ್ಸೆಂಟ್ ಜಾಸ್ತಿ, ಮೀಟರಲ್ಲಿ 100 ತೋರಿಸೋವಾಗ ಗಾಡಿ 105ರಲ್ಲಿ ಓಡ್ತಿರುತ್ತೆ. ಪೂರ್ತಿ ಸ್ಟೇರಿಂಗ್ ತಿರುಗಿಸಿದ್ರೆ ಒಳಗೆ ಉಜ್ಜಲೂಬಹುದು. ಕಂಪನಿ ಸ್ಪೆಸಿಫಿಕೇಶನ್ ಬಿಟ್ಟು ಗಾಡಿ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವರು ಮೊದಲು ನೋಡೋದು ಇಂಥದ್ದನ್ನೇ.

ಅಷ್ಟು ಆಸೆ ಇದ್ರೆ ಅದೇ 255/65ರಲ್ಲೇ ಒಳ್ಳೆ ಎಟಿ ಹಾಕಿಸ್ಕೋ. ಮಂಜಿಗೆ ಟೈರಲ್ಲ, ಫಾಗ್ ಲ್ಯಾಂಪ್ ಹಾಕಿ ಹೈ ಬೀಮ್ ಇಳಿಸೋದು ಕಲಿ. ಹಝಾರ್ಡ್ ಲೈಟ್ ಹಾಕ್ಕೊಂಡು ಓಡಿಸೋರ ಬಗ್ಗೆ ಇನ್ನೊಂದು ಸಲ ಬರೀತೀನಿ, ಅದನ್ನ ನೋಡಿದ್ರೆ ಮೈ ಉರಿಯುತ್ತೆ.

ಪ್ರಶ್ನೆ: ಬೆಂಗಳೂರಿಂದ ಒಬ್ಬರು ಸೆಕೆಂಡ್ ಹ್ಯಾಂಡ್ ಎಟಿ ಟೈರ್ ನಾಲ್ಕು ತಂದುಕೊಟ್ಟಿದಾರೆ. ಬಟನ್ ಹೊಸದರ ಥರಾನೇ ಇದೆ, ರೇಟು ಅರ್ಧಕ್ಕಿಂತ ಕಮ್ಮಿ. ಪಕ್ಕೆ ಮೇಲೆ 1417 ಅಂತಿದೆ. ಕೊಬ್ಬರಿ ವ್ಯಾಪಾರಕ್ಕೆ ಅರಸೀಕೆರೆ, ತುಮಕೂರು ಓಡಾಡೋ ಬೊಲೆರೊಗೆ ಹಾಕ್ಸಬಹುದಾ?
– ತಿಪಟೂರಿನ ವ್ಯಾಪಾರಿ

ಉತ್ತರ: 1417 ಅಂದ್ರೆ 2017ನೇ ಇಸವಿ 14ನೇ ವಾರದಲ್ಲಿ ತಯಾರಾಗಿದ್ದು. ಬಟನ್ ಸವೆದಿಲ್ಲ ಅಂದ್ರೆ ಓಡಿಲ್ಲ ಅಂತ ಅರ್ಥ, ಆದ್ರೆ ರಬ್ಬರ್‌ಗೆ ಓಡದೇ ಇದ್ರೂ ವಯಸ್ಸಾಗುತ್ತೆ. ಬಟನ್ ಬುಡದಲ್ಲಿ, ಪಕ್ಕೆ ಮೇಲೆ ಬೆರಳಲ್ಲಿ ಒತ್ತಿ ಬಗ್ಗಿಸಿ ನೋಡಿ, ಕೂದಲೆಳೆ ಥರ ಬಿರುಕು ಕಾಣುತ್ತೆ. ಒದ್ದೆ ರೋಡಲ್ಲಿ ಇದು ಹಿಡಿಯಲ್ಲ, ಬಿಸಿಲಲ್ಲಿ ಲೋಡ್ ಹಾಕಿ ಸ್ಪೀಡಲ್ಲಿ ಹೋದ್ರೆ ಪದರ ಬಿಟ್ಕೊಳ್ಳೋ ಸಾಧ್ಯತೆ ಬೇರೆ. ಬೊಲೆರೊಗೆ ಬೇಡ. ತಂದುಕೊಟ್ಟವರು ವಾಪಸ್ ತಗೊಳ್ಳಲ್ಲ ಅಂದ್ರೆ ತೋಟದ ಎತ್ತಿನ ಗಾಡಿಗೆ ಹಾಕ್ಸಿ, ಎತ್ತುಗಳು ಅಷ್ಟು ಸ್ಪೀಡಾಗಿ ಹೋಗಲ್ಲ.